ಜೋಲಿ ಹೊಡೆದ ಮಾತು

ತೇರು ಜೋಲಿ ಹೊಡೆಯುತ್ತದೆ, ಕುಡುಕ ಜೋಲಿ ಹೊಡೆಯುತ್ತಾನೆ, ಕೂಸು ಮಾತ್ರ ಜೋಲಿಯಲ್ಲಿ ಕಣ್ಣು ಮುಚ್ಚುತ್ತದೆ! ಬೀಳುವ ಭಯಕ್ಕೂ ಮಲಗುವ ಸುಖಕ್ಕೂ ಒಂದೇ ಮಾತು ಸಾಕೆಂದು ಕನ್ನಡ ಯಾಕೆ ತೀರ್ಮಾನಿಸಿತು? ಜಾತ್ರೆಯ ಹಂಗಾಮಿನಲ್ಲಿ ಒಂದು ಪದದ ಬೆನ್ನು ಹತ್ತಿದ ಕಥೆ.

ಸಂಜೆ ಐದೂವರೆ. ಅಗಸಿ ದಾಟಿದ ತೇರು ಪಾದಗಟ್ಟೆಯತ್ತ ಹೊರಟಿತ್ತು. ಉತ್ತತ್ತಿ, ಬಾಳೆಹಣ್ಣು ಮಳೆಯಂತೆ ಬೀಳುತ್ತಿದ್ದವು. ಸಮಾಳದ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ.

ದಾರಿಯಲ್ಲಿ ನಲ್ಲಿ ಪೈಪಿಗೆಂದು ಅಗೆದು, ಅರೆಬರೆ ಮಣ್ಣು ತುಂಬಿದ ಜಾಗವೊಂದಿತ್ತು. ತೇರಿನ ಎಡಗಾಲಿ ಅದರ ಮೇಲೆ ಬಂತು, ಗೇಣುದ್ದ ಇಳಿಯಿತು. ಕೆಳಗೆ ಗಾಲಿ ಗೇಣು ಇಳಿದರೆ ಮೇಲೆ ಕಳಸ ಮಾರುದ್ದ ಸರಿಯುತ್ತದೆ.

ಎಸೆಯಲು ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ನನ್ನ ಪಕ್ಕದಲ್ಲಿದ್ದ ಅಜ್ಜ ಕೂಗಿದ: "ಜೋಲಿ ಹೊಡಿತಲೇ! ಬಲಕ್ಕ ಜಗ್ರಿ, ಬಲಕ್ಕ!"

ತೇರು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಸ್ವಲ್ಪ ಎಡಕ್ಕೆ ತೂಗಿ ಕಿರುಗುಟ್ಟುತ್ತ ನಿಂತಿತು. ಯಾರೋ ಓಡಿಹೋಗಿ ಗಾಲಿಗೆ ಮರದ ಅಡೆ ಕೊಟ್ಟರು. 'ಹರಹರ ಮಹಾದೇವ' ಎಂಬ ಕೂಗು ಆಗ ಎದ್ದಿತು. ಅಷ್ಟರಲ್ಲಿ ಮಂಡಕ್ಕಿ ಅಂಗಡಿಯ ಬುಟ್ಟಿ ಬೋರಲಾಗಿತ್ತು. ರಸ್ತೆಯ ನಡುವೆ ಏಳೆಂಟು ಒಂಟಿ ಚಪ್ಪಲಿಗಳು ಬಿದ್ದಿದ್ದವು.

ಎಲ್ಲ ಸೇರಿ ಒಂದು ನಿಮಿಷವೂ ಇಲ್ಲ. ರಾತ್ರಿ ಬಸ್ಸು ಹತ್ತಿದ ಮೇಲೂ ನನ್ನ ತಲೆಯಲ್ಲಿ ಅಜ್ಜನ ಮಾತೇ ತಿರುಗುತ್ತಿತ್ತು. ಪತ್ರಿಕೆಯ ಡೆಸ್ಕಿನಲ್ಲಿ ವರ್ಷಗಟ್ಟಲೆ ತಲೆಬರಹ ಕಟ್ಟಿದವನಿಗೆ ಇದೊಂದು ವಾಸಿಯಾಗದ ಕಾಯಿಲೆ. ಜನ ತೇರು ನೋಡಿದರೆ ಇವನು ಕ್ರಿಯಾಪದ ನೋಡುತ್ತಾನೆ.

ಮರಳಿ ಬರುವ ಆಸೆ

ಅಜ್ಜ 'ವಾಲಿತು' ಎನ್ನಬಹುದಿತ್ತು. ಆದರೆ ವಾಲುವುದು ನಿಧಾನದ ಕೆಲಸ. ಹಳೇ ಗೋಡೆ ವಾಲುತ್ತದೆ. ವಾಲಿಕೊಂಡೇ ಮೂರು ಮಳೆಗಾಲ ಕಳೆಯುತ್ತದೆ. 'ಅಲುಗಿತು' ಎಂದಿದ್ದರೆ ತೇರು ನಿಂತಲ್ಲೇ ಇದೆ ಎಂದಾಗುತ್ತಿತ್ತು. 'ಬಿತ್ತು' ಎಂದಿದ್ದರೆ ಮುಗಿದೇ ಹೋಯಿತು, ಹಗ್ಗ ಬಿಟ್ಟು ಓಡುವುದೊಂದೇ ಬಾಕಿ.

ಜೋಲಿ ಇವೆಲ್ಲದರ ನಡುವಿನ ಗಳಿಗೆ. ಹೋದದ್ದು ಮರಳಿ ಬಂದೀತು, ಬಾರದೆಯೂ ಇದ್ದೀತು. 'ಜೋಲಿ ಹೊಡೆಯಿತು' ಎಂದು ಕೇಳಿದವನು ಹಗ್ಗ ಜಗ್ಗುತ್ತಾನೆ, ಯಾಕೆಂದರೆ ಆ ಮಾತಿನೊಳಗೆ ಇನ್ನೂ ಜಗ್ಗಲು ಸಮಯವಿದೆ.

ಸಮಯ ಸಿಗದ ತೇರುಗಳನ್ನೂ ನಾವು ನೋಡಿದ್ದೇವೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರು ಗುರುಬಸವೇಶ್ವರರ ತೇರು ಜನಸಾಗರದ ನಡುವೆಯೇ ಉರುಳಿತು. ಬೆಂಗಳೂರಿನ ಪಕ್ಕದ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಸುತ್ತಲಿನ ಊರುಗಳಿಂದ ನೂರಡಿಗೂ ಎತ್ತರದ ಕುರ್ಜು ಎಂಬ ತೇರುಗಳು ಬರುತ್ತವೆ. 2024ರ ಏಪ್ರಿಲ್‌ನಲ್ಲಿ ಅಂಥದ್ದೊಂದು ಕುರ್ಜು ನೆಲಕ್ಕೊರಗಿತು. ಮರುವರ್ಷ ಮಾರ್ಚ್‌ನಲ್ಲಿ ಗಾಳಿಮಳೆಗೆ ಸಿಕ್ಕು ಮತ್ತೆ ಬಿದ್ದಾಗ ಜೀವವೂ ಹೋಯಿತು. ಮೊಬೈಲಿನಲ್ಲಿ ಹರಿದಾಡಿದ ಆ ವಿಡಿಯೊಗಳನ್ನು ನೋಡಿದವರಿಗೆ ಗೊತ್ತು: ತುದಿ ಒಂದು ಕಡೆ ಸರಿಯುತ್ತದೆ, ಹಗ್ಗ ಹಿಡಿದವರು ಎದುರು ದಿಕ್ಕಿಗೆ ವಾಲುತ್ತಾರೆ, ಒಂದು ಕ್ಷಣ ಎಲ್ಲವೂ ನಿಂತಂತೆ ಕಾಣುತ್ತದೆ. ಆಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಜೋಲು, ಜೋತು, ಜೋಲಿ

ಪದದ ಜಾಡು ಹಿಡಿಯುವವರು ಮೊದಲು ಕಿಟ್ಟೆಲ್ಲರ ಬಾಗಿಲು ತಟ್ಟುವುದು ವಾಡಿಕೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ದಪ್ಪ ನಿಘಂಟು ಇವತ್ತಿಗೂ ಡೆಸ್ಕಿನ ಮೇಲೆ ಇಟ್ಟರೆ ಮೇಜು ಒಂದಿಷ್ಟು ಗಂಭೀರವಾಗುತ್ತದೆ. ಅಲ್ಲಿ ನಮಗೆ ಬೇಕಾದ ಬೇರು ಸಿಗುತ್ತದೆ: ಜೋಲು. ಎಂದರೆ ತೂಗು, ನೇತಾಡು.

ಸೋಲು ಸೋತು ಆಗುವಂತೆ, ನೂಲು ನೂತು ಆಗುವಂತೆ, ಜೋಲು ಜೋತು ಆಗುತ್ತದೆ. ಹಲಸಿನ ಕೊಂಬೆಗೆ ಬಾವಲಿ ಜೋತಾಡುತ್ತದೆ. ಬೆಳಗಿನ ಬಸ್ಸಿನ ಬಾಗಿಲಿಗೆ ಕಾಲೇಜು ಹುಡುಗರು ಜೋತುಬೀಳುತ್ತಾರೆ. ಹಳೇ ಸಂಪ್ರದಾಯಕ್ಕೆ ಜೋತುಬಿದ್ದವರನ್ನು ಸಂಪಾದಕೀಯಗಳು ಬೈಯುತ್ತವೆ. ಎಮ್ಮೆಗೆ ಜೋಲುಗಿವಿ. ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೆ ಜೋಲುಮೋರೆ.

ಇಷ್ಟರಲ್ಲಿ ಎಲ್ಲೂ ಬೀಳುವ ಮಾತೇ ಇಲ್ಲ, ಬರೀ ತೂಗುವುದು. ಮೇಲೆಲ್ಲೋ ಒಂದು ಹಿಡಿತವಿದೆ, ಕೆಳಗೆ ಭಾರವಿದೆ, ನಡುವೆ ಆಟವಿದೆ. ಸೀರೆಯ ಎರಡು ತುದಿಯನ್ನು ಮರದ ಕೊಂಬೆಗೆ ಕಟ್ಟಿ, ನಡುವಿನ ಮಡಿಕೆಯಲ್ಲಿ ಕೂಸನ್ನಿಟ್ಟರೆ ಅದು ಜೋಲಿ. ಅದೇ ತೂಗಾಟ ಕಾಲ ಮೇಲೆ ನಿಂತ ಮನುಷ್ಯನಿಗೆ ಬಂದರೆ ಅವನು ಜೋಲಿ ಹೊಡೆಯುತ್ತಾನೆ. ತೊಟ್ಟಿಲಿಗೆ ಹಿಡಿತ ಮೇಲಿದೆ, ನಡೆಯುವವನಿಗೆ ಕೆಳಗಿದೆ. ವ್ಯತ್ಯಾಸ ಅಷ್ಟೇ.

ಇದು ಕನ್ನಡದ ಒಂಟಿ ಹುಚ್ಚಾಗಿದ್ದರೆ ಬಿಟ್ಟುಬಿಡಬಹುದಿತ್ತು. ಮರಾಠಿಯಲ್ಲಿ ಉಯ್ಯಾಲೆ 'ಝೋಕಾ'. ಕುಡುಕ ತೂರಾಡುವುದು 'ಝೋಕಾಂಡಿ'. ತೆಲುಗಿನಲ್ಲಿ ಲಾಲಿಹಾಡು 'ಜೋಲ ಪಾಟ'. ತಮಿಳಿನ 'ತೂಂಗು' ಎಂದರೆ ತೂಗುವುದೂ ಹೌದು, ನಿದ್ದೆ ಮಾಡುವುದೂ ಹೌದು. ನಮ್ಮಲ್ಲೂ ತೊಟ್ಟಿಲು ತೂಗುವುದು, ಅಕ್ಕಿ ತೂಗುವುದು, ಕೂತಲ್ಲೇ ತೂಕಡಿಸುವುದು ಪಕ್ಕಪಕ್ಕದ ಮನೆಯವು. ಮಧ್ಯಾಹ್ನದ ಸಭೆಯಲ್ಲಿ ಎದೆಗೆ ಬಡಿಯುವಂತೆ ಇಳಿದು ಥಟ್ಟನೆ ಏಳುವ ತಲೆಯನ್ನು ನೋಡಿದವರಿಗೆ ಆ ಪದದಲ್ಲಿ ತಕ್ಕಡಿ ಕಾಣದೆ ಇರದು.

ಸಂಸ್ಕೃತವೂ ಹಿಂದುಳಿದಿಲ್ಲ. 'ಡೋಲಾ' ಎಂದರೆ ಉಯ್ಯಾಲೆ. ನಿರ್ಧಾರ ಮಾಡಲಾಗದ ಮನಸ್ಸು ಡೋಲಾಯಮಾನ. ಆದರೆ ಡೋಲಾಯಮಾನದಲ್ಲಿ ಯಾರಿಗೂ ಪೆಟ್ಟಾಗುವುದಿಲ್ಲ. ಅದು ಶಾಲು ಹೊದ್ದು ಕೂತ ಪದ. ಜೋಲಿಗೆ ಮೊಣಕಾಲು ತರಚುತ್ತದೆ.

> ಬೀಳುವವರಿಗೆ ತಕ್ಕ ಮಾತು
>
> ಕಲ್ಲಿಗೆ ಬೆರಳು ತಾಗಿದರೆ ಎಡವಿದ್ದು. ಎಡವಿ ಮುಂದಕ್ಕೆ ಮೂಗಿನ ನೇರ ಹೋದರೆ ಮುಗ್ಗರಿಸಿದ್ದು. ಒಳಗೆ ಹೆಂಡವಿದ್ದು ಎರಡೂ ಕಡೆಗೆ ಹೋದರೆ ತೂರಾಟ. ಕಣದಲ್ಲಿ ಗಾಳಿಗೆ ತೂರಿದ ಹೊಟ್ಟು ನೆನಪಾಗುತ್ತದೆ. ಪೆಟ್ಟು ತಿಂದು ನಡುಗಿದರೆ ತತ್ತರ. ದೋಣಿಗೂ ಮನಸ್ಸಿಗೂ ಹೊಯ್ದಾಟ. ಮಾತಿಗೂ ಕತ್ತಲಲ್ಲಿಟ್ಟ ಕಾಲಿಗೂ ತಡವರಿಕೆ. ಆಗಷ್ಟೇ ನಿಂತ ಕೂಸಿನದು ತಪ್ಪಡಿ. ಓಲಾಟ ಮಾತ್ರ ಸುಖದ್ದು, ತೆನೆಗೂ ಲೋಲಾಕಿಗೂ ಸಲ್ಲುವಂಥದ್ದು. ಅಪರಾಧ ಸುದ್ದಿಯ ಪುಟಕ್ಕೆ ಮೀಸಲಾದದ್ದು 'ಆಯತಪ್ಪಿ'. ಆಯ ಎಂದರೆ ಅಳತೆ. ಅಳತೆ ತಪ್ಪಿದ ಹೆಜ್ಜೆ.

ಡೆಸ್ಕಿನಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ

ತಪ್ಪೊಪ್ಪಿಗೆಯ ಜಾಗ ಇದು. ಇಷ್ಟೆಲ್ಲ ಮಾತು ಕೈಯಲ್ಲಿಟ್ಟುಕೊಂಡು ನಾವು ಪತ್ರಿಕೆಯವರು ದಿನಾ ಬಳಸುವುದು ಎರಡೇ. ಕ್ರಿಕೆಟ್ ತಂಡ ಸೋತರೆ 'ಮುಗ್ಗರಿಸಿತು'. ಮಳೆ ಬಂದರೆ ಊರು 'ತತ್ತರಿಸಿತು'. ಷೇರುಪೇಟೆ ಒಂದು ದಿನ ಮುಗ್ಗರಿಸುತ್ತದೆ, ಮರುದಿನ ತತ್ತರಿಸುತ್ತದೆ, ಮೂರನೇ ದಿನ 'ಚೇತರಿಸಿ' ನಾಲ್ಕನೇ ದಿನ ಮತ್ತೆ ಮುಗ್ಗರಿಸುತ್ತದೆ.

ಅರವತ್ತು ಓವರ್ ನಿಂತು ಆಡಿ, ಕೊನೆಗೆ ಹತ್ತು ರನ್ನಿಂದ ಸೋತ ತಂಡ ಮುಗ್ಗರಿಸಿತೇ? ಮುಗ್ಗರಿಸಲು ಓಡುತ್ತಿರಬೇಕು, ಮುಖ ಮುಂದಿರಬೇಕು. ಒಮ್ಮೆ ರಾತ್ರಿಪಾಳಿಯಲ್ಲಿ 'ಜೋಲಿ ಹೊಡೆದು ಗೆದ್ದ ತಂಡ' ಎಂದು ನಾನೊಂದು ತಲೆಬರಹ ಕೊಟ್ಟೆ. ಸೋಲಿನ ಅಂಚಿಗೆ ಹೋಗಿ ಮರಳಿದ ಆಟಕ್ಕೆ ಅದಕ್ಕಿಂತ ಸರಿಯಾದ ಮಾತಿರಲಿಲ್ಲ. ಬೆಳಿಗ್ಗೆ ನೋಡಿದರೆ 'ರೋಚಕ ಜಯ' ಎಂದು ಅಚ್ಚಾಗಿತ್ತು. ಹಿರಿಯರಿಗೆ ಜೋಲಿಯಲ್ಲಿ ಹೆಂಡದ ವಾಸನೆ ಬಂದಿತ್ತಂತೆ.

ರಾಜಕೀಯದ ಪುಟದಲ್ಲಿ ಕುರ್ಚಿ 'ಅಲುಗಾಡುತ್ತದೆ'. ಸಮ್ಮಿಶ್ರ ಸರ್ಕಾರಗಳನ್ನು ಕಂಡ ನಾಡಿನಲ್ಲಿ ಆ ಪದಕ್ಕೆ ಪುರುಸೊತ್ತೇ ಸಿಗಲಿಲ್ಲ.

> ನಡುನೀರಿನ ಇಂಗ್ಲಿಷು
>
> ಹೀಗೆ ಥಟ್ಟನೆ ಒಂದು ಕಡೆ ಸರಿಯುವುದಕ್ಕೆ ಇಂಗ್ಲಿಷಿನವರ ಮಾತು 'ಲರ್ಚ್'. ಅದು ಹಡಗಿನಿಂದ ಇಳಿದು ಬಂದದ್ದು: ಅಲೆಯ ಹೊಡೆತಕ್ಕೆ ಹಡಗು ಒಂದು ಮಗ್ಗುಲಿಗೆ ಮಗುಚಿದಂತಾಗುವುದು. ಕಷ್ಟದಲ್ಲಿ ಕೈಬಿಟ್ಟು ಹೋಗುವುದಕ್ಕೂ ಅವರು 'ಲರ್ಚ್' ಎನ್ನುತ್ತಾರೆ. ಆದರೆ ಆ ಲರ್ಚ್ ಬೇರೆ, ಅದರ ಮೂಲ 'ಲೂರ್ಶ್' ಎಂಬ ಹಳೆಯ ಫ್ರೆಂಚ್ ಪಗಡೆಯಾಟ. ಆಟದಲ್ಲಿ ಪೂರಾ ಹಿಂದೆ ಬಿದ್ದವನ ಪಾಡು ಅದು. ಅವರ ಹಡಗನ್ನೂ ಕೈಬಿಟ್ಟವರನ್ನೂ ಒಂದೇ ನೀರಿಗಿಳಿಸಿದ್ದು ಕನ್ನಡ: 'ನಡುನೀರಿನಲ್ಲಿ ಕೈಬಿಟ್ಟ' ಎಂದು.

ಎಲ್ಲ ಇರುವುದು ಕಿವಿಯೊಳಗೆ

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದೆ. ಮನೆಯೇ ಹೊರಳಿತು. ಫ್ಯಾನು ಗೋಡೆಗೆ, ಗೋಡೆ ನೆಲಕ್ಕೆ. ಮಂಚದ ಅಂಚು ಹಿಡಿದು ಕೂತೆ. ಎದ್ದು ಎರಡು ಹೆಜ್ಜೆ ಇಟ್ಟವನು ಬಾಗಿಲ ಚೌಕಟ್ಟಿಗೆ ಹೋಗಿ ಒರಗಿದೆ. ಹೆಂಡತಿ ನಂಬಿಕೆಯಿಂದ ಮೊದಲು ಕೇಳಿದ್ದು, "ನಿನ್ನೆ ರಾತ್ರಿ ಎಲ್ಲಿಗೆ ಹೋಗಿದ್ರಿ?"

ವೈದ್ಯರು ಮಾತ್ರೆ ಕೊಡಲಿಲ್ಲ. ಮಂಚದ ಮೇಲೆ ಕೂರಿಸಿ, ತಲೆಯನ್ನು ಒಂದು ಕಡೆ ತಿರುಗಿಸಿ, ಗಬಕ್ಕನೆ ಹಿಂದಕ್ಕೆ ಮಲಗಿಸಿದರು. ಜಗತ್ತು ಇನ್ನೊಮ್ಮೆ ಗಿರಗಿರ ಸುತ್ತಿತು. ಅರ್ಧ ನಿಮಿಷ ಹಾಗೇ ಬಿಟ್ಟು ತಲೆಯನ್ನು ಮತ್ತೊಂದು ಕಡೆಗೆ, ಆಮೇಲೆ ಮೈಯನ್ನು ಮಗ್ಗುಲಿಗೆ, ಆಮೇಲೆ ಎಬ್ಬಿಸಿ ಕೂರಿಸುವುದು. ಐದು ನಿಮಿಷ. ನಡೆದುಕೊಂಡು ಹೊರಗೆ ಬಂದೆ. ಅಮೆರಿಕದ ಜಾನ್ ಎಪ್ಲಿ ಎಂಬ ವೈದ್ಯ 1992ರಲ್ಲಿ ಪ್ರಕಟಿಸಿದ ಉಪಾಯವಂತೆ ಅದು.

ಆಗಿದ್ದು ಇಷ್ಟು. ಪ್ರತಿ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರೆಬಳೆಯಂಥ ನಾಳಗಳಿವೆ. ತಲೆ ತಿರುಗಿದಾಗ ಒಳಗಿನ ದ್ರವ ಒಂದು ಗಳಿಗೆ ಹಿಂದುಳಿಯುತ್ತದೆ. ಆ ಹಿಂದುಳಿಕೆಯೇ ಮಿದುಳಿಗೆ ಸುದ್ದಿ. ಪಕ್ಕದ ಚೀಲದಲ್ಲಿ ಸುಣ್ಣದ ಅಂಶದ ಪುಟ್ಟ ಹರಳುಗಳಿದ್ದು, ಯಾವ ಕಡೆ ಕೆಳಗೆ ಎಂಬುದನ್ನು ಹೇಳುತ್ತಿರುತ್ತವೆ. ಹರಳೊಂದು ಜಾಗ ಬಿಟ್ಟು ನಾಳದೊಳಗೆ ನುಗ್ಗಿದರೆ, ಮಲಗಿದವನಿಗೂ ಜೋಲಿ. ವೈದ್ಯರು ನನ್ನ ತಲೆಯನ್ನು ಹಿಡಿದು ಮಾಡಿದ್ದು, ಗೋಲಿಯನ್ನು ಪೈಪಿನಿಂದ ಹೊರಗೆ ಉರುಳಿಸಿದ ಕೆಲಸ.

ಹೆಂಡವೂ ಇದೇ ಬಾಗಿಲಿನಿಂದ ಬರುತ್ತದೆ. ಕುಡಿದಾಗ ಆ ನಾಳಗಳಲ್ಲಿರುವ ಮೆತ್ತನೆಯ ತಡೆಪೊರೆ ಸುತ್ತಲಿನ ದ್ರವಕ್ಕಿಂತ ಹಗುರವಾಗಿ ತೇಲಲು ಹೊರಡುತ್ತದೆ. ಅದಕ್ಕೇ ಕುಡಿದವನು ಸುಮ್ಮನೆ ಮಲಗಿದರೂ ಮಾಡು ತಿರುಗುತ್ತದೆ. ಹೆಜ್ಜೆಗೆ ಅಂಕೆ ಹಾಕುವ ಕಿರುಮೆದುಳೂ ಮಂಕಾದರೆ ತೂರಾಟ ಪೂರ್ತಿಯಾಯಿತು.

ಇನ್ನು ತೊಟ್ಟಿಲು. ಅದು ಹೋಗಿ ತಲುಪುವುದೂ ಇದೇ ಕಿವಿಯನ್ನು. 2011ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು 12 ಮಂದಿ ಗಂಡಸರನ್ನು ಮಧ್ಯಾಹ್ನ 45 ನಿಮಿಷ ಮಲಗಿಸಿದರು: ಒಮ್ಮೆ ಸುಮ್ಮನಿರುವ ಮಂಚದಲ್ಲಿ, ಒಮ್ಮೆ ನಿಧಾನ ತೂಗುವ ಮಂಚದಲ್ಲಿ. ತೂಗಿದಾಗ ನಿದ್ದೆ ಬೇಗ ಬಂತು, ಆಳವಾಗಿಯೂ ಇತ್ತು. ಅವರು ಆರಿಸಿದ್ದ ಲಯ ನಾಲ್ಕು ಸೆಕೆಂಡಿಗೊಂದು ತೂಗು. ಪ್ರಯೋಗಾಲಯವನ್ನೇ ಕಾಣದ ಅಜ್ಜಿಯ ಕೈಯೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಓಡಾಡುತ್ತದೆ. ಬೇಕಾದರೆ ಗಡಿಯಾರ ಹಿಡಿದು ನೋಡಿ.

ಹೀಗೆ ಜೋಲಿ ಹೊಡೆಯುವ ಕುಡುಕನಿಗೂ ಜೋಲಿಯೊಳಗಿನ ಕೂಸಿಗೂ ಸುದ್ದಿ ಮುಟ್ಟಿಸುವ ಅಂಚೆಕಚೇರಿ ಒಂದೇ. ಕೂಸಿಗೆ ಬರುವುದು ಮುಂಚೆಯೇ ಗೊತ್ತಿರುವ, ಲಯವಿರುವ ಸುದ್ದಿ. ಕುಡುಕನಿಗೆ ಬರುವುದು ತಂತಿ.

> ಕುಡುಕನ ಲೆಕ್ಕ
>
> ಒಂದೊಂದು ಹೆಜ್ಜೆಯನ್ನೂ ಮನಬಂದ ದಿಕ್ಕಿಗಿಟ್ಟರೆ ಕೊನೆಗೆ ಎಲ್ಲಿ ಸಿಗುತ್ತೀರಿ? 1905ರಲ್ಲಿ ಕಾರ್ಲ್ ಪಿಯರ್ಸನ್ 'ನೇಚರ್' ಪತ್ರಿಕೆಯಲ್ಲಿ ಈ ಪ್ರಶ್ನೆ ಕೇಳಿದರು. ಉತ್ತರ ತಮಾಷೆಯಾಗಿದೆ. ನೂರು ಹೆಜ್ಜೆ ತೂರಾಡಿದವನು ಸುಮಾರಾಗಿ ಹತ್ತು ಹೆಜ್ಜೆಯಷ್ಟೇ ದೂರ ಹೋಗಿರುತ್ತಾನೆ. ಹತ್ತು ಸಾವಿರ ಹೆಜ್ಜೆಗೆ ನೂರು. ಬಯಲಿನಲ್ಲಿ ಕುಡುಕನನ್ನು ಹುಡುಕುವವರು ಅವನು ಹೊರಟ ಜಾಗದಲ್ಲೇ ಮೊದಲು ನೋಡುವುದು ಒಳ್ಳೆಯದು. ಅಂದರೆ ಅಂಗಡಿಯ ಮುಂದೆ.

ಬೀಳದವರ ಗುಟ್ಟು

ಚೈತ್ರದ ಹುಣ್ಣಿಮೆ ರಾತ್ರಿ ಬೆಂಗಳೂರಿನ ತಿಗಳರಪೇಟೆಯಲ್ಲಿ ನಿಂತವರಿಗೆ ಜೋಲಿಯ ಇನ್ನೊಂದು ಮುಖ ಕಾಣುತ್ತದೆ. ಧರ್ಮರಾಯನ ಗುಡಿಯಿಂದ ಮಲ್ಲಿಗೆಯಲ್ಲಿ ಮುಳುಗಿದ ಕರಗ ಹೊರಬರುತ್ತದೆ. ಹೊತ್ತವರು ಅದಕ್ಕೆ ಕೈ ತಾಗಿಸುವಂತಿಲ್ಲ. ಓಡುತ್ತಾರೆ, ತಿರುಗುತ್ತಾರೆ, ಕುಣಿಯುತ್ತಾರೆ. ಸುತ್ತ ಕತ್ತಿ ಹಿರಿದ ವೀರಕುಮಾರರು. ಕರಗ ಜೋಲಿ ಹೊಡೆದರೆ ಆ ಕತ್ತಿ ಹೊತ್ತವರ ಮೇಲೆಯೇ ಎಂಬುದು ಹಿಂದಿನಿಂದ ಬಂದ ನಂಬಿಕೆ.

ಮುಖಕ್ಕಿಂತ ಅವರ ಕಾಲನ್ನು ನೋಡಬೇಕು. ಮೈ ಎಲ್ಲೂ ಬಿಗಿದಿರುವುದಿಲ್ಲ. ಸೊಂಟ ಬಳುಕುತ್ತದೆ, ಮೊಣಕಾಲು ಸದಾ ಅರೆ ಮಡಚಿರುತ್ತದೆ. ತಲೆಯ ಕೆಳಗಿನದೆಲ್ಲ ಅಲುಗಾಡಿ ತಲೆಯ ಮೇಲಿನದನ್ನು ನಿಲ್ಲಿಸಿರುತ್ತದೆ.

ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿಗೂ ಇದು ಗೊತ್ತು. ಅವಳ ಕೈಯ ಉದ್ದನೆಯ ಬಿದಿರು ಅಲಂಕಾರಕ್ಕಲ್ಲ. ಭಾರ ದೂರದೂರ ಹರಡಿದ್ದರೆ ಯಾವುದೂ ಥಟ್ಟನೆ ತಿರುಗುವುದಿಲ್ಲ. ಬಂದ ಜೋಲಿ ನಿಧಾನವಾಗಿ ಬರುತ್ತದೆ, ಸರಿಪಡಿಸಲು ಅರೆಗಳಿಗೆ ಸಿಗುತ್ತದೆ. ಅವಳು ಅಲುಗಾಟವನ್ನು ನಿಲ್ಲಿಸುವುದಿಲ್ಲ, ತಡಮಾಡುತ್ತಾಳೆ.

ಅಷ್ಟು ದೂರ ಯಾಕೆ, ನಮ್ಮ ಕೆಂಪು ಬಸ್ಸಿನ ಕಂಡಕ್ಟರ್ ಇಲ್ಲವೇ? ಆಗುಂಬೆ ಘಾಟಿಯ ತಿರುವಿನಲ್ಲಿ ಕೂತವರೆಲ್ಲ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿರುತ್ತಾರೆ. ಕಂಡಕ್ಟರ್ ಸೀಟಿನ ಅಂಚಿಗೆ ಸೊಂಟ ಕೊಟ್ಟು, ಎರಡೂ ಕೈ ಬಿಟ್ಟು, ಟಿಕೆಟ್ ಹರಿದು ಚಿಲ್ಲರೆ ಎಣಿಸುತ್ತಿರುತ್ತಾನೆ. ಬ್ರೇಕ್ ಬಿದ್ದಾಗ ಇಡೀ ಬಸ್ಸು ಮುಂದಕ್ಕೆ ಜೋಲಿ. ಅವನು ಮಾತ್ರ ಬ್ರೇಕಿಗೂ ಮುಂಚೆ ಹಿಂದಕ್ಕೆ ವಾಲಿರುತ್ತಾನೆ. "ಹೆಂಗೆ ಗೊತ್ತಾಗ್ತದೆ ಅಣ್ಣ?" ಎಂದರೆ ಒಬ್ಬ ಹೇಳಿದ: "ಡ್ರೈವರ್ ಸಾಹೇಬ್ರ ಭುಜ ನೋಡ್ತಿರ್ತೀನಿ ಸಾರ್."

> ಗಂಟೆಗೆ 17 ಸಲ
>
> ನಡೆಯಲು ಕಲಿಯುವ ಕೂಸು ಎಷ್ಟು ಸಲ ಬೀಳುತ್ತದೆ? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು ಕೂತು ಎಣಿಸಿದರು. 2012ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ 12ರಿಂದ 19 ತಿಂಗಳ ಮಕ್ಕಳು ಆಟದ ಒಂದು ಗಂಟೆಯಲ್ಲಿ ಸರಾಸರಿ 2,368 ಹೆಜ್ಜೆ ಇಡುತ್ತವೆ, 17 ಸಲ ಬೀಳುತ್ತವೆ. 'ಎಡವಿದ ಕಾಲೇ ಎಡವೋದು' ಎಂದ ಗಾದೆ ಬಹುಶಃ ದೊಡ್ಡವರ ಕಾಲನ್ನಷ್ಟೇ ನೋಡಿ ಹುಟ್ಟಿತು.

ಗಳುವಿಗೆ ಕಟ್ಟಿದ ಕಂಬಳಿ

ಜೋಲಿಗೆ ಇನ್ನೊಂದು ಅರ್ಥವಿದೆ, ಅದು ಮಳೆಗಾಲದಲ್ಲಿ ಸುದ್ದಿಯಾಗುತ್ತದೆ. ಖಾನಾಪುರ, ಜೋಯಿಡಾದ ಕಾಡೊಳಗಿನ ಊರುಗಳಲ್ಲಿ ಹಳ್ಳ ತುಂಬಿ, ರಸ್ತೆ ಇಲ್ಲದೆ, ಆಂಬುಲೆನ್ಸ್ ಬಾರದೆ ಹೋದಾಗ, ಬಿದಿರಿನ ಗಳುವಿಗೆ ಕಂಬಳಿ ಕಟ್ಟಿ, ಅದರಲ್ಲಿ ಕಾಯಿಲೆಯವರನ್ನೋ ಬಸುರಿಯನ್ನೋ ಮಲಗಿಸಿ ಹೊತ್ತು ನಡೆಯುತ್ತಾರೆ. ಕೂಸಿಗೆ ಕಟ್ಟಿದ್ದೇ ಇಲ್ಲೂ ಕಟ್ಟುವುದು, ಗಂಟೂ ಹೆಚ್ಚುಕಡಿಮೆ ಅದೇ. ಆದರೆ ಈ ಜೋಲಿ ತೂಗಬಾರದು. ಮುಂದಿನವನ ಕಾಲು ಜಾರಿದರೆ ಹಿಂದಿನವನು ಮೈಯೆಲ್ಲ ಬಿಗಿಹಿಡಿದು ನಿಲ್ಲಬೇಕು.

ಈ ಚಿತ್ರ ಪ್ರತಿವರ್ಷ ಬರುತ್ತದೆ, ಪ್ರತಿವರ್ಷ ನಾವು ಒಂದೇ ಅಡಿಬರಹ ಹಾಕುತ್ತೇವೆ. ಊರಿನ ಹೆಸರು ಮಾತ್ರ ಬೇರೆ.

ಮೊನ್ನೆ ಆ ತೇರಿನ ಫೋಟೊಗಳನ್ನು ಮತ್ತೆ ನೋಡುತ್ತಿದ್ದೆ. ಅಜ್ಜ ಕೂಗಿದ ಗಳಿಗೆಯಲ್ಲಿ ಬೆರಳು ತಾನಾಗಿ ಒತ್ತಿದ ಒಂದು ಚಿತ್ರ ಸಿಕ್ಕಿತು. ಕಳಸ ಚೌಕಟ್ಟಿನಿಂದ ಆಚೆ ಹೋಗಿದೆ. ಜನ ಓಡುತ್ತಿದ್ದಾರೆ, ಅರ್ಧ ಮುಖಗಳು ಮಸುಕು. ಬಲತುದಿಯಲ್ಲಿ ಒಂದು ಬಳೆ ಅಂಗಡಿ. ಅಂಗಡಿಯಾಕೆ ಒಬ್ಬಳು ಹುಡುಗಿಯ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ; ಹಸಿರು ಬಳೆ ಗೆಣ್ಣು ದಾಟಿಲ್ಲ. ಇಬ್ಬರೂ ತಲೆಯೆತ್ತಿ ತೇರನ್ನೇ ನೋಡುತ್ತಿದ್ದಾರೆ, ಬಾಯಿ ತೆರೆದಿದೆ.

ಬಳೆಯ ಗಾಡಿಯ ಕೆಳಗೆ ಸೀರೆಯದೊಂದು ಜೋಲಿ. ಅದರಿಂದ ಹೊರಟ ಹುರಿ ಅಂಗಡಿಯಾಕೆಯ ಬಲಗಾಲಿನ ಹೆಬ್ಬೆರಳಿಗೆ ಸುತ್ತಿದೆ. ಕಾಲು ಮುಂದಕ್ಕೆ ಚಾಚಿದೆ, ಹುರಿ ಸಡಿಲಾಗಿದೆ, ಜೋಲಿ ಆಚೆ ಕಡೆಗೆ ಹೋಗಿದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹೆಬ್ಬೆರಳು ಆಗಲೇ ಮಡಚಿಕೊಂಡಿತ್ತು, ಅದನ್ನು ಈಚೆಗೆ ಎಳೆಯಲು.